ಬಸ್ಸಕ್ಕ ಸಹಿ ಹಾಕದ ಸಾಲು

ಶಾಲೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಮಕ್ಕಳು, ಟೀಚರುಗಳು, ಚಾಲಕರು, ಕೊನೆಗೆ ದೊಡ್ಡ ಮಿಸ್ ಅನ್ನಿಸಿಕೊಂಡ ಪ್ರಿನ್ಸಿಪಾಲರೂ ಅವಳನ್ನು ಬಸ್ಸಕ್ಕ ಎಂದೇ ಕರೆಯುತ್ತಿದ್ದರು. ಮದುವೆಯಾದ ಹೊಸತರಲ್ಲಿ ಶಾಲೆಯ ಬಸ್ಸಿಗೆ ಆಯಾ ಆಗಿ ಸೇರಿದವಳು, ಚಿಕ್ಕ ಮಕ್ಕಳನ್ನು ಕಂಕುಳಿಗೆ ಕೈಹಾಕಿ ಮೇಲೆತ್ತಿ, ಕೆಳಗಿಳಿಸಿ, ಬಾಟಲಿ ಮರೆತವರಿಗೆ ಬಾಟಲಿ ಕೊಟ್ಟು, ವಾಂತಿ ಮಾಡಿಕೊಂಡವರ ಮುಖ ತೊಳೆದು, ಅರ್ಧ ಆಯಸ್ಸನ್ನು ಬಸ್ಸಿನ ಮೆಟ್ಟಿಲ ಮೇಲೇ ಕಳೆದಿದ್ದಳು. ಆ ಮೆಟ್ಟಿಲೇ ಅವಳ ಬಲಮಂಡಿಯನ್ನು ತಿಂದುಹಾಕಿತು. ಮಂಡಿ ಮಡಚುವುದಿಲ್ಲ ಎಂದಾದ ಮೇಲೆ ಶಾಲೆಯವರು ಹಿಂದಿನ ಗೇಟಿನ ಪಕ್ಕದ ಪುಟ್ಟ ಕೋಣೆಯಲ್ಲಿ ಒಂದು ಕುರ್ಚಿ ಹಾಕಿಕೊಟ್ಟು, ಯಾವ ಮಗು ಯಾವ ಬಸ್ಸು, ಯಾವ ನಿಲ್ದಾಣ, ಇಳಿದಾಗ ಕರೆದೊಯ್ಯಲು ಬರುವವರು ಯಾರು ಎಂಬುದನ್ನೆಲ್ಲ ನೋಡಿಕೊಳ್ಳುವ ಕೆಲಸ ಕೊಟ್ಟರು.

ಕೋಣೆಯ ಒಂದು ಗೋಡೆಗೆ ಉದ್ದಕ್ಕೂ ಕಪ್ಪು ಹಲಗೆ. ಬಸ್ಸಕ್ಕ ಅದರ ಮೇಲೆ ಸೀಮೆಸುಣ್ಣದಲ್ಲಿ ಎಲ್ಲವನ್ನೂ ಬರೆದಿಡುತ್ತಿದ್ದಳು. ಆ ಹಲಗೆಯ ಮೇಲೆ ಅವಳಿಗೆ ಅಂಥ ಮೋಹವೇನೂ ಇರಲಿಲ್ಲ. ಯಾರಾದರೂ ಚಾಲಕ ಬಂದು ಬೆನ್ನು ಆನಿಸಿ ನಿಂತರೆ ಸಾಕು, ಒಂದಿಡೀ ನಿಲ್ದಾಣವೇ ಅವನ ಅಂಗಿಗೆ ಅಂಟಿಕೊಂಡು ಹೊರಟುಹೋಗುತ್ತಿತ್ತು. ಹಾಗಾಗಿ, "ಇನ್ಮೇಲೆ ಎಲ್ಲ ಕಂಪ್ಯೂಟರಿನಲ್ಲಿ, ಶೀಟಿನಲ್ಲಿ" ಎಂದು ದೊಡ್ಡ ಮಿಸ್ ಹೇಳಿದಾಗ ಅವಳು ಮೂಗು ಮುರಿಯಲಿಲ್ಲ. ಬದಲಿಗೆ, ಒಳ್ಳೆಯದೇ ಆಯಿತು ಎಂದುಕೊಂಡಳು. ಇದನ್ನು ಇಲ್ಲೇ ಹೇಳಿಬಿಡಬೇಕು. ಏಕೆಂದರೆ ಆಮೇಲೆ ಎಲ್ಲರೂ, ಬಸ್ಸಕ್ಕನಿಗೆ ಹೊಸದು ಅಂದರೆ ಆಗುವುದಿಲ್ಲ, ಅದಕ್ಕೇ ಹೀಗಾಯಿತು ಎಂದು ಕತೆ ಕಟ್ಟಿದರು.

ಕಲಿಸಲು ಬಂದವನು ಅಡ್ಮಿನ್ ಸಾರ್. ಕಚೇರಿಯ ಮೇಲ್ವಿಚಾರಣೆ ಅವನದು. ವಯಸ್ಸು ಚಿಕ್ಕದು, ಅವಸರ ದೊಡ್ಡದು. ಫೋನನ್ನು ಕಿವಿ ಮತ್ತು ಹೆಗಲಿನ ನಡುವೆ ಸಿಕ್ಕಿಸಿಕೊಂಡೇ ಕೋಣೆಗೆ ಬಂದು, ಕುರ್ಚಿಯ ಹಿಂದೆ ನಿಂತು, ಅವಳ ಹೆಗಲ ಮೇಲಿಂದ ಕೈಚಾಚಿ ಮೌಸು ಹಿಡಿದ. ಮೌಸ್ ಎಂದರೆ ಇಲಿ ಎಂಬುದು ಬಸ್ಸಕ್ಕನಿಗೆ ಗೊತ್ತಿತ್ತು. ಅದು ಬೆಕ್ಕು ಕಂಡ ಇಲಿಯ ಹಾಗೆ ಓಡುತ್ತದೆ ಎಂಬುದು ಮಾತ್ರ ಅವತ್ತೇ ಗೊತ್ತಾದದ್ದು. ಬಾಣದ ಗುರುತು ಪರದೆಯ ಈ ಮೂಲೆಯಿಂದ ಆ ಮೂಲೆಗೆ ಹಾರಿತು, ಏನೋ ಪಟ್ಟಿ ಬಿಚ್ಚಿಕೊಂಡಿತು, ಏನೋ ಮುಚ್ಚಿಕೊಂಡಿತು.

"ನೋಡಿ, ಇದು ಶೀಟು. ಇಲ್ಲಿ ಹೆಸರು, ಇಲ್ಲಿ ಕ್ಲಾಸು, ಇಲ್ಲಿ ಬಸ್ಸು, ಇಲ್ಲಿ ಸ್ಟಾಪು. ಹೆಸರು ಅಕ್ಷರದ ಪ್ರಕಾರ ಬರ್ಬೇಕು ಅಂದ್ರೆ ಹೀಗೆ ಹಿಡ್ಕೊಂಡು ಇದನ್ನ ಒತ್ತಿ. ಮುಗೀತು."

"ಸಾರ್, ಸ್ವಲ್ಪ ನಿಧಾನಕ್ಕೆ. ನಾನೊಂದ್ಸಲ ಮಾಡಿ ನೋಡ್ತೀನಿ, ನೀವು ಪಕ್ಕದಲ್ಲಿರಿ."

"ಅಯ್ಯೋ, ಸುಲಭ ಬಸ್ಸಕ್ಕ. ಚಿಕ್ಕ ಮಕ್ಕಳೂ ಮಾಡ್ತಾರೆ."

"ಮಧ್ಯೆ ಏನಾದ್ರೂ ಡಬ್ಬಿ ಥರ ಎದ್ದು ಕೇಳುತ್ತಲ್ಲ, ಆಗ ಏನು ಮಾಡ್ಲಿ?"

"ಕಂಟಿನ್ಯೂ ಅಂತಿರುತ್ತೆ, ಒತ್ತಿ. ಅದು ಸುಮ್ನೆ ಕೇಳ್ತಾ ಇರುತ್ತೆ." ಅಷ್ಟು ಹೇಳಿ, ಫೋನಿನಲ್ಲಿದ್ದವರಿಗೆ "ಹಾ, ಹೇಳಿ ಸಾರ್" ಎನ್ನುತ್ತ ಹೊರಟೇಹೋದ. ಅವನಿಗೆಂದು ಅವಳು ತರಿಸಿಟ್ಟ ಚಹಾ ಲೋಟ ಇನ್ನೂ ಬಿಸಿಯಾಗಿತ್ತು.

ಬಸ್ಸಕ್ಕ ಕೂತು ಪರದೆಯನ್ನು ನೋಡಿದಳು. ಪರದೆ ಅವಳನ್ನು ನೋಡಿತು. ಆಮೇಲೆ ಒಂದು ಚೌಕದ ಮೇಲೆ ಒತ್ತಿ, ಒಂದೇ ಬೆರಳಿನಲ್ಲಿ ಒಂದು ಮಗುವಿನ ಹೆಸರು ಹೊಡೆದಳು. ಹೆಸರು ಬಂತು. ಎದೆ ಸ್ವಲ್ಪ ಹಗುರಾಯಿತು. ಹೀಗೆ ದಿನಾ ಮಧ್ಯಾಹ್ನ, ಬಸ್ಸುಗಳು ಬಿಸಿಲಿಗೆ ನಿಂತು ನಿದ್ದೆ ಮಾಡುವ ಹೊತ್ತಿನಲ್ಲಿ, ಹಲಗೆಯ ಮೇಲಿದ್ದ ಮಕ್ಕಳನ್ನೆಲ್ಲ ಒಬ್ಬೊಬ್ಬರಾಗಿ ಶೀಟಿಗೆ ಇಳಿಸಿದಳು. ಗೊತ್ತಾಗದ್ದನ್ನು ಕೇಳೋಣ ಎಂದು ಕಚೇರಿಗೆ ಹೋದರೆ ಅಡ್ಮಿನ್ ಸಾರ್ ಎದ್ದು ಬರುತ್ತಿದ್ದ, ಮೌಸು ಕಿತ್ತುಕೊಳ್ಳುತ್ತಿದ್ದ, ಟಕಟಕ ಮಾಡಿ "ನೋಡಿ, ಇಷ್ಟೇ" ಎನ್ನುತ್ತಿದ್ದ. ಕೆಲಸ ಆಗುತ್ತಿತ್ತು, ಆದದ್ದು ಹೇಗೆ ಎಂಬುದು ಅವನ ಜೊತೆಯೇ ಎದ್ದು ಹೋಗುತ್ತಿತ್ತು. ಕಂಪ್ಯೂಟರ್ ಟೀಚರನ್ನು ಕೇಳಿದಳು, ಅವರೂ ಹಾಗೇ. ಮನೆಯ ಹತ್ತಿರದ ಝೆರಾಕ್ಸ್ ಅಂಗಡಿಯ ಹುಡುಗಿಯನ್ನು ಕೇಳಿದಳು. ಅವಳು ಇನ್ನೂ ವೇಗ. ಕಲಿಸುವವರೆಲ್ಲ ಸೇರಿ ಒಂದೇ ಗುರುವಿನ ಹತ್ತಿರ ಪಾಠ ಹೇಳಿಸಿಕೊಂಡಂತಿತ್ತು. ಮೊದಲ ಪಾಠ, ಕಲಿಯುವವರ ಕೈಯಿಂದ ಮೌಸು ಕಿತ್ತುಕೊಳ್ಳುವುದು.

ಹೊಸ ತರಗತಿಗಳು ಶುರುವಾದವು. ಹಳೆಯ ಆಯಾಗಳಲ್ಲಿ ಇಬ್ಬರು ಬಿಟ್ಟುಹೋಗಿ, ಅವರ ಜಾಗಕ್ಕೆ ಮಕ್ಕಳ ಮುಖ ಪರಿಚಯವಿಲ್ಲದವರು ಬಂದಿದ್ದರು. ಬೆಳಿಗ್ಗೆ ಅಡ್ಮಿನ್ ಸಾರ್ ಕಿಟಕಿಯಲ್ಲಿ ತಲೆ ತೂರಿಸಿ, "ಲಿಸ್ಟು ಅಕ್ಷರದ ಪ್ರಕಾರ ಮಾಡಿ ಎಲ್ಲಾ ಬಸ್ಸಿಗೂ ಒಂದೊಂದು ಪ್ರಿಂಟು ಕೊಡಿ, ಸಂಜೆಯೊಳಗೆ" ಎಂದ. ಬಸ್ಸಕ್ಕ ಅವನು ತೋರಿಸಿದಂತೆಯೇ ಹೆಸರಿನ ಸಾಲನ್ನು ಮೇಲಿಂದ ಕೆಳಗಿನವರೆಗೆ ಹಿಡಿದು, ಆ ಗುಂಡಿ ಒತ್ತಿದಳು. ಒಂದು ಡಬ್ಬಿ ಎದ್ದು ನಿಂತು ಇಂಗ್ಲಿಷಿನಲ್ಲಿ ಉದ್ದಕ್ಕೆ ಏನೋ ಕೇಳಿತು. ಅವಳು ಅಕ್ಷರ ಕೂಡಿಸಿ ಓದಿದಳು. ಎರಡು ದಾರಿಗಳಿದ್ದವು. ಒಂದರ ಮೊದಲ ಪದವೇ ಕಂಟಿನ್ಯೂ. ಹೇಳಿದ್ದರಲ್ಲ, ಒತ್ತಿದಳು. ಹೆಸರುಗಳೆಲ್ಲ ಪ್ರಾರ್ಥನೆಗೆ ನಿಂತ ಮಕ್ಕಳ ಹಾಗೆ ಸಾಲಾಗಿ ನಿಂತವು. ಅದನ್ನು ಕಂಡು ಅವಳಿಗೆ ನಿಜಕ್ಕೂ ಖುಷಿಯಾಯಿತು.

ಹೆಸರುಗಳು ಮಾತ್ರ ಸಾಲಾಗಿ ನಿಂತಿದ್ದವು. ಪಕ್ಕದಲ್ಲಿದ್ದ ಕ್ಲಾಸು, ಬಸ್ಸು, ನಿಲ್ದಾಣ, ಫೋನ್ ನಂಬರು ಇದ್ದಲ್ಲೇ ಇದ್ದವು. ಅಂದರೆ, ಒಂದು ಮಗುವಿನ ಹೆಸರಿನ ಮುಂದೆ ಇನ್ನೊಂದು ಮಗುವಿನ ಮನೆ. ತಾನೇ ಹೊಡೆದದ್ದಲ್ಲವೇ ಎಂಬ ಧೈರ್ಯದಲ್ಲಿ ಅವಳು ಹೆಸರಿನಾಚೆ ಕಣ್ಣು ಹಾಯಿಸಲೇ ಇಲ್ಲ. ಅದು ಅವಳ ತಪ್ಪು. ಅದನ್ನು ಅವಳು ಯಾವತ್ತೂ ಅಲ್ಲಗಳೆಯಲಿಲ್ಲ.

ಸಂಜೆ ಗಂಟೆ ಹೊಡೆಯಿತು. ದೊಡ್ಡ ಮಕ್ಕಳಿಗೆ ಅವರವರ ಬಸ್ಸು ಗೊತ್ತು, ಯಾರ ಪಟ್ಟಿಯನ್ನೂ ಕೇಳದೆ ಹತ್ತಿ ಕೂತರು. ಅಷ್ಟರಲ್ಲಿ ಹೊಸ ಆಯಾ ಒಬ್ಬಳು ಹಾಳೆ ಹಿಡಿದು ಓಡಿಬಂದಳು.

"ಬಸ್ಸಕ್ಕ, ಇದೇನಿದು. ನನ್ನ ಬಸ್ಸಿಗೆ ಅಂತ ಇರೋರು ಒಬ್ರೂ ನನ್ನ ಬಸ್ಸಲ್ಲಿಲ್ಲ. ಇರೋರ ಹೆಸರಿನ ಮುಂದೆ ಬೇರೆ ಬಸ್ಸು ಅಂತಿದೆ."

ಬಸ್ಸಕ್ಕ ಹಾಳೆಯ ಮೇಲೆ ಕಣ್ಣಾಡಿಸಿದಳು. ಮಂಡಿ ಇದೆ ಎಂಬುದನ್ನೇ ಮರೆತು ಅಂಗಳಕ್ಕೆ ಓಡಿ, ಹೊರಟಿದ್ದ ಬಸ್ಸುಗಳ ಮುಂದೆ ಎರಡೂ ಕೈ ಅಗಲಿಸಿ ನಿಂತಳು. ಎಲ್ಲ ನಿಂತವು. ಒಂದು ಮಾತ್ರ ಆಗಲೇ ಗೇಟು ದಾಟಿತ್ತು. ಚಾಲಕನಿಗೆ ಫೋನು ಮಾಡಿದರೆ, ಓಡಿಸುವಾಗ ಫೋನು ಎತ್ತಬಾರದೆಂಬ ನಿಯಮವನ್ನು ಅವನು ಅವತ್ತು ಚಾಚೂತಪ್ಪದೆ ಪಾಲಿಸುತ್ತಿದ್ದ.

ಆ ಬಸ್ಸಿನಲ್ಲಿ ಶಾಲೆಗೆ ಹೊಸದಾಗಿ ಸೇರಿದ ಒಂದು ಪುಟ್ಟ ಹುಡುಗಿ ಇದ್ದಳು. ಹಾಳೆಯಲ್ಲಿ ಬರೆದ ಹಾಗೆ ಆಯಾ ಅವಳನ್ನು ಊರಿನ ಇನ್ನೊಂದು ತುದಿಯಲ್ಲಿ, ಟೈರ್ ಅಂಗಡಿಯೊಂದರ ಮುಂದೆ ಇಳಿಸಿದ್ದಳು. ಅಲ್ಲಿ ಯಾರೋ ಹೆಂಗಸು ನಿಂತಿದ್ದಳು. ಅವಳೇ ಕರೆದೊಯ್ಯಲು ಬಂದವಳೆಂದು ಆಯಾ ತಿಳಿದಳು. ಆ ಹೆಂಗಸು ತನ್ನ ಪಾಡಿಗೆ ತಾನು ಹೊರಟುಹೋದಳು. ಪುಣ್ಯಕ್ಕೆ ಟೈರ್ ಅಂಗಡಿಯವನು ಒಬ್ಬಂಟಿ ಮಗುವನ್ನು ಕಂಡು, ಒಳಗೆ ಕೂರಿಸಿ, ಕೊರಳಲ್ಲಿದ್ದ ಕಾರ್ಡು ನೋಡಿ ಶಾಲೆಗೆ ಫೋನು ಮಾಡಿದ. ಬಸ್ಸಕ್ಕ ಕಾವಲುಗಾರನ ಸ್ಕೂಟರಿನ ಹಿಂದೆ ಕೂತು ಅಲ್ಲಿಗೆ ಹೋದಾಗ, ಮಗು ಪೇರಿಸಿಟ್ಟ ಟೈರುಗಳ ಮೇಲೆ ಬೆನ್ನಿನ ಚೀಲವನ್ನೂ ಇಳಿಸದೆ ಕೂತಿತ್ತು. ಅತ್ತಿರಲಿಲ್ಲ. ಗುರುತಿನ ಮುಖ ಕಂಡದ್ದೇ ತಡ, ತುಟಿ ಅದುರಿ ಅಳಲು ಶುರುಮಾಡಿತು. ಬಸ್ಸಕ್ಕ ಎತ್ತಿಕೊಂಡಳು. ದಾರಿಯುದ್ದಕ್ಕೂ ಅವಳ ಕುತ್ತಿಗೆ ಒದ್ದೆಯಾಗಿತ್ತು.

ಮನೆ ಬಾಗಿಲಲ್ಲಿ ತಾಯಿ ಮಗುವನ್ನು ಬಾಚಿ ತಬ್ಬಿಕೊಂಡಳು. ಬಸ್ಸಕ್ಕ ಕೈ ಮುಗಿದು, "ನನ್ನಿಂದ ತಪ್ಪಾಯ್ತಮ್ಮ" ಎಂದಳು.

"ನಿಮ್ಮ ಮುಖ ನೋಡಿ, ನಿಮ್ಮನ್ನ ನಂಬಿ ಬಸ್ಸಿಗೆ ಹಾಕಿದ್ದೆ," ಎಂದಳು ತಾಯಿ. ಇನ್ನೇನೂ ಹೇಳದೆ ಬಾಗಿಲು ಹಾಕಿಕೊಂಡಳು. ಬೈದಿದ್ದರೆ ಚೆನ್ನಾಗಿತ್ತು ಎಂದು ಬಸ್ಸಕ್ಕನಿಗೆ ಅನಿಸಿತು.

ಮಾರನೆಯ ದಿನ ದೊಡ್ಡ ಮಿಸ್ ಕೋಣೆಗೆ ಕರೆ ಬಂತು. ಅಡ್ಮಿನ್ ಸಾರ್ ಮೊದಲೇ ಬಂದು ಕುಳಿತಿದ್ದ. ಬಸ್ಸಕ್ಕನಿಗೆ ಕುರ್ಚಿ ತೋರಿಸಿದವರಿಲ್ಲ.

"ನಾನೇ ಖುದ್ದಾಗಿ ಹೇಳ್ಕೊಟ್ಟಿದ್ದೆ ಮೇಡಂ," ಎಂದ ಅಡ್ಮಿನ್ ಸಾರ್. "ಒಂದ್ಸಲ ಅಲ್ಲ, ಎಷ್ಟೋ ಸಲ. ಅವರಿಗೆ ತಲೆಗೆ ಹೋಗಲ್ಲ, ಏನು ಮಾಡೋದು. ವಯಸ್ಸೂ ಆಯ್ತು."

ದೊಡ್ಡ ಮಿಸ್ ಒಂದು ಹಾಳೆಯನ್ನು ಮುಂದೆ ತಳ್ಳಿದರು. "ಇದಕ್ಕೆ ಸಹಿ ಹಾಕಿ. ತಪ್ಪೊಪ್ಪಿಗೆ ಬರೆದು ಕೊಡ್ಲೇಬೇಕು ಅಂತ ಮಗುವಿನ ತಂದೆ ಕೂತಿದಾರೆ. ಇಲ್ಲಿಗೆ ಮುಗಿಸಿಬಿಡೋಣ."

ಬಸ್ಸಕ್ಕ ನಿಂತೇ ಓದಿದಳು. ಪಟ್ಟಿಯಲ್ಲಿ ಆದ ತಪ್ಪು ನನ್ನದು ಎಂದಿತ್ತು, ಸರಿ. ಮಗುವಿಗೂ ಪೋಷಕರಿಗೂ ಆದ ತೊಂದರೆಗೆ ಕ್ಷಮೆ ಕೋರುತ್ತೇನೆ ಎಂದಿತ್ತು, ಅದೂ ಸರಿ. ಅದರ ಕೆಳಗೆ ಇನ್ನೊಂದು ಸಾಲು: 'ಈ ಕೆಲಸಕ್ಕೆ ಬೇಕಾದ ಸಂಪೂರ್ಣ ತರಬೇತಿಯನ್ನು ಶಾಲೆಯು ನನಗೆ ನೀಡಿತ್ತು.'

ಅಲ್ಲಿಯವರೆಗೆ ಅವಳ ಒಳಗೆ ಇದ್ದದ್ದು ನಾಚಿಕೆ, ಭಯ. ಆ ಸಾಲು ಓದಿದ ಮೇಲೆ ಎರಡೂ ಎಲ್ಲಿಗೋ ಹೋದವು. ಹಾಳೆಯನ್ನು ಮೇಜಿನ ಮೇಲೆ ವಾಪಸ್ಸಿಟ್ಟು ಆ ಸಾಲಿನ ಮೇಲೆ ಬೆರಳಿಟ್ಟಳು.

"ಈ ಸಾಲು ತೆಗೀರಿ ಮೇಡಂ. ಉಳಿದಿದ್ದಕ್ಕೆ ಸಹಿ ಹಾಕ್ತೀನಿ."

"ಯಾಕೆ? ಹೇಳ್ಕೊಟ್ಟಿಲ್ವಾ?"

"ಇಲ್ಲ. ಅವರು ನನ್ನೆದುರಿಗೆ ಮಾಡಿದ್ರು. ಮಾಡೋದು ಬೇರೆ, ಕಲಿಸೋದು ಬೇರೆ. ನನ್ನೆದುರಿಗೆ ಊಟ ಮಾಡಿದ್ರೆ ನನ್ನ ಹೊಟ್ಟೆ ತುಂಬುತ್ತಾ?"

ಅಡ್ಮಿನ್ ಸಾರ್ ನಕ್ಕ. "ಕುಣೀಲಾರದವಳು ನೆಲ ಡೊಂಕು ಅಂದಳಂತೆ."

"ನೆಲ ಡೊಂಕಿದ್ರೆ ಡೊಂಕು ಅನ್ಬೇಕಲ್ಲ ಸಾರ್," ಎಂದಳು ಬಸ್ಸಕ್ಕ. "ಡಬ್ಬಿ ಎದ್ರೆ ಏನು ಮಾಡ್ಲಿ ಅಂತ ನಾನು ಕೇಳಿದ್ದೆ. ಕಂಟಿನ್ಯೂ ಒತ್ತಿ ಅಂದಿದ್ದು ನೀವೇ. ಅದು ಏನು ಕೇಳುತ್ತೆ ಅಂತ ನೀವು ಹೇಳ್ಲಿಲ್ಲ. ಒತ್ತಿದ್ದು ನಾನು, ಹಾಳೆ ನೋಡದೆ ಕೊಟ್ಟಿದ್ದೂ ನಾನು. ಮಗು ಮುಂದೆ ಆಗ್ಲಿ, ಅವರಮ್ಮನ ಮುಂದೆ ಆಗ್ಲಿ, ಎಷ್ಟು ಸಲ ಬೇಕಾದ್ರೂ ತಪ್ಪು ಅಂತೀನಿ. ಆದ್ರೆ ಕಲಿಸಿದ್ದೀವಿ ಅನ್ನೋ ಸುಳ್ಳನ್ನ ನನ್ನ ಕೈಯಲ್ಲಿ ಬರೆಸ್ಬೇಡಿ."

ದೊಡ್ಡ ಮಿಸ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಹಠ ಬೇಡ. ಒಂದು ವಾರ ರಜೆ ತಗೊಳ್ಳಿ. ತಣ್ಣಗೆ ಯೋಚ್ನೆ ಮಾಡಿ ಬನ್ನಿ."

ಅವಳು ಹೊರಗೆ ಬಂದಾಗ ಬಾಗಿಲ ಹೊರಗಿದ್ದವರೆಲ್ಲ ತಲೆ ತಗ್ಗಿಸಿ ತಮ್ಮ ತಮ್ಮ ಕೆಲಸ ಹುಡುಕಿಕೊಂಡರು.

ಮನೆಯಲ್ಲಿ ತಣ್ಣಗಾಗುವುದಕ್ಕೆ ಅವಕಾಶವೇ ಇರಲಿಲ್ಲ, ಏಕೆಂದರೆ ಮನೆಯಲ್ಲಿ ನಾದಿನಿ ಇದ್ದಳು. ಗಂಡನ ತಂಗಿ. ನರ್ಸಿಂಗ್ ಹೋಮೊಂದರ ಔಷಧ ದಾಸ್ತಾನು ನೋಡಿಕೊಳ್ಳುವವಳು. ಬೇರೆ ಬಿಡಾರ ಮಾಡಿಕೊಂಡು ಒಬ್ಬಳೇ ಇದ್ದವಳು ಮೆಟ್ಟಿಲಲ್ಲಿ ಜಾರಿಬಿದ್ದು ಬಲಗೈ ಮುರಿದುಕೊಂಡು, ಬೆರಳ ತುದಿಯಿಂದ ಮೊಣಕೈ ಮೇಲಿನವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಅಣ್ಣನ ಮನೆಗೆ ಬಂದಿದ್ದಳು. ಅತ್ತಿಗೆ ನಾದಿನಿಯರ ನಡುವೆ ಹಳೆಯ ಮುನಿಸು. ಅತ್ತೆಯ ಹೊಲಿಗೆ ಯಂತ್ರ ಯಾರಿಗೆ ಸೇರಬೇಕಿತ್ತು ಎಂಬ ವಿಷಯದಲ್ಲಿ ಇಬ್ಬರೂ ಸರಿ, ಇಬ್ಬರೂ ತಪ್ಪು. ಊಟಕ್ಕೆ ಬಡಿಸುವಷ್ಟು, ಬಡಿಸಿದ್ದನ್ನು ಉಣ್ಣುವಷ್ಟು ಮಾತು ಮಾತ್ರ ನಡೆಯುತ್ತಿತ್ತು. ಬಸ್ಸಕ್ಕನ ಗಂಡ ಬೇಕರಿಯಲ್ಲಿ ಒಲೆ ನೋಡಿಕೊಳ್ಳುವವನು, ಬೆಳಗಿನ ಜಾವ ಹೋದರೆ ಮಧ್ಯಾಹ್ನ ಬರುವವನು. ಇಬ್ಬರ ನಡುವೆ ಸಿಕ್ಕದಿರುವುದಕ್ಕೆ ಅದೊಂದು ಒಳ್ಳೆಯ ನೆಪ ಅವನಿಗೆ.

ರಜೆಯ ಮೊದಲ ದಿನ ನಾದಿನಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು, ಎಡಗೈಯಲ್ಲಿ ಒದ್ದಾಡುತ್ತಿದ್ದಳು. ತಿಂಗಳ ದಾಸ್ತಾನಿನ ಲೆಕ್ಕ ಕಳಿಸಬೇಕಿತ್ತು. ಒಂದು ಸಲ, ಎರಡು ಸಲ ನಿಟ್ಟುಸಿರು ಬಿಟ್ಟು ಕೊನೆಗೆ ಬಾಯಿ ಬಿಟ್ಟಳು.

"ಅತ್ತಿಗೆ, ಸ್ವಲ್ಪ ಬಂದು ನನ್ನ ಬಲಗೈ ಆಗ್ತೀರಾ?"

ಬಸ್ಸಕ್ಕ ಇಣುಕಿದಳು. ಪರದೆಯ ತುಂಬ ಅದೇ ಚೌಕಗಳು. "ಆ ಶೀಟಿನ ಮುಖ ಕಂಡ್ರೆ ಮೈ ಉರಿಯುತ್ತೆ ನನಗೆ. ಬೇರೆ ಯಾರನ್ನಾದ್ರೂ ಕರಿ."

"ಬೇರೆ ಯಾರಿದಾರೆ? ಅಣ್ಣ ಬಂದ್ರೆ ಕೀಲಿಮಣೆ ಮೇಲೆಲ್ಲ ಹಿಟ್ಟು."

ಅದಕ್ಕೆ ನಗು ಬಂದರೂ ನುಂಗಿಕೊಂಡು ಬಸ್ಸಕ್ಕ ಕೂತಳು. ಅವಳು ಮೌಸು ಹಿಡಿದಳು. ನಾದಿನಿಯ ಪ್ಲಾಸ್ಟರ್ ಕೈ ಅಭ್ಯಾಸದಂತೆ ಮೌಸಿನ ಕಡೆ ಅರ್ಧ ಎದ್ದು, ನೋವಿಗೆ ಮತ್ತೆ ಮಡಿಲಿಗೆ ಬಿತ್ತು. ಎಡಗೈಯಲ್ಲಿ ಆ ಭಾರವನ್ನು ಹಿಡಿದುಕೊಂಡಿರಬೇಕಿತ್ತು. ಉಳಿದದ್ದು ಬಾಯಿ ಒಂದೇ. ಜೀವನದಲ್ಲಿ ಮೊದಲ ಸಲ ಬಸ್ಸಕ್ಕನಿಗೆ ಕೈಯಿಲ್ಲದ ಮೇಷ್ಟ್ರು ಸಿಕ್ಕಿದ್ದಳು.

"ಮೇಲ್ಗಡೆ ಒತ್ತಿ ಅಂದ್ರೆ? ಮೇಲ್ಗಡೆ ಊರೆಲ್ಲ ಇದೆ," ಎಂದು ಬಸ್ಸಕ್ಕ ರೇಗುತ್ತಿದ್ದಳು.

"ಸರಿ, ವಿಳಾಸ ಹೇಳ್ತೀನಿ. ಮೇಲೆ ಅಕ್ಷರ ಇದೆಯಲ್ಲ, ಅದು ಬೀದಿ. ಎಡಗಡೆ ಅಂಕಿ ಇದೆಯಲ್ಲ, ಅದು ಮನೆ ನಂಬರು. ಸಿ ಬೀದಿ, ಏಳನೇ ಮನೆ. ಅಲ್ಲಿಗೆ ಹೋಗಿ." ಬಸ್ಸಕ್ಕ ಹೋದಳು. ಮಕ್ಕಳನ್ನು ಮನೆ ಮನೆಗೆ ಮುಟ್ಟಿಸಿದವಳಿಗೆ ಬೀದಿ, ಮನೆ ನಂಬರು ಎಂದರೆ ಇನ್ನೇನು ವಿವರಿಸಬೇಕು.

ಎರಡನೆಯ ದಿನ ಅವಳಾಗಿಯೇ ಕೇಳಿದಳು. ಶಾಲೆಯಲ್ಲಿ ಏನಾಯಿತು ಎಂಬುದನ್ನು ನಾದಿನಿಗೆ ಹೇಳಿಯೇ ಇರಲಿಲ್ಲ, ಅವತ್ತು ಹೇಳಿದಳು. ನಾದಿನಿ ನಗಲಿಲ್ಲ.

"ಅಡ್ಡಕ್ಕೆ ಇರೋ ಒಂದು ಸಾಲು ಅಂದ್ರೆ ಒಂದು ಮಗು, ಅತ್ತಿಗೆ. ಹೆಸರು ತಲೆ ಅಂತ ಇಟ್ಕೊಳ್ಳಿ. ಬಸ್ಸು, ಸ್ಟಾಪು ಎಲ್ಲ ಮೈ, ಕೈಕಾಲು. ಎತ್ತೋವಾಗ ಮಗೂನ ಪೂರ್ತಿ ಎತ್ಬೇಕು. ನೀವು ತಲೆ ಮಾತ್ರ ಎತ್ತಿ ಬೇರೆ ಮೈ ಮೇಲೆ ಇಟ್ಬಿಟ್ರಿ. ಆ ಡಬ್ಬಿ ಅದನ್ನೇ ಕೇಳಿದ್ದು. ಪಕ್ಕದ್ದನ್ನೂ ಜೊತೆಗೆ ಕರ್ಕೊಂಡು ಹೋಗ್ಲಾ, ಇಲ್ಲ ಇದೊಂದನ್ನೇ ಕದಲಿಸ್ಲಾ ಅಂತ."

ಬಸ್ಸಕ್ಕ ಕೈಯನ್ನು ಮೌಸಿನಿಂದ ತೆಗೆದಳು. "ಅಷ್ಟೇನಾ ಕೇಳಿದ್ದು?"

"ಅಷ್ಟೇ."

"ಕೇಳಿತ್ತಲ್ಲ ಹಾಗಾದ್ರೆ. ಯಂತ್ರ ಆದ್ರೂ ಕೇಳ್ತು, ಸುಮ್ನೆ ಕೇಳುತ್ತೆ ಅಂದ ಆ ಮನುಷ್ಯ." ಅವಳು ಎದ್ದು ಅಡುಗೆಮನೆಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೊಮ್ಮೆ ತೊಳೆದು ಬಂದಳು.

ಅದಕ್ಕಿಂತ ದೊಡ್ಡ ಸಿಟ್ಟು ಮರುದಿನಕ್ಕೆ ಕಾದಿತ್ತು. ಅಭ್ಯಾಸಕ್ಕೆಂದು ನಾದಿನಿ ಬೇರೊಂದು ಖಾಲಿ ಶೀಟು ತೆರೆಸಿ, "ನಿಮಗೆ ಚೆನ್ನಾಗಿ ಗೊತ್ತಿರೋದನ್ನ ಬರೀರಿ" ಎಂದಿದ್ದಳು. ಬಸ್ಸಕ್ಕ ನೆಂಟರ ಪಟ್ಟಿ ಮಾಡಿದಳು. ಒಂದು ಬೀದಿಯಲ್ಲಿ ಹೆಸರು, ಇನ್ನೊಂದರಲ್ಲಿ ಸಂಬಂಧ, ಮೂರನೆಯದರಲ್ಲಿ 'ಮಾತುಕತೆ'. ಅದರ ಕೆಳಗೆ 'ಇದೆ' ಅಥವಾ 'ಇಲ್ಲ'. ನಾದಿನಿ ತನ್ನ ಹೆಸರಿನ ಮುಂದೆ ಏನಿದೆ ಎಂದು ಕತ್ತು ಉದ್ದ ಮಾಡಿ ನೋಡಿದಳು. 'ದಿನ ನೋಡಿಕೊಂಡು' ಎಂದಿತ್ತು. ಬರೀ 'ಇಲ್ಲ' ಎಂದಿರುವವರನ್ನು ಮಾತ್ರ ಸೋಸಿ ತೋರಿಸುವುದು ಹೇಗೆಂದು ಕಲಿತಾಗ ಆಗಲೂ ಪರದೆ ಭರ್ತಿಯಾಗಿಯೇ ಇತ್ತು. "ನಮ್ಮದು ದೊಡ್ಡ ಮನೆತನ," ಎಂದಳು ನಾದಿನಿ. ಇಬ್ಬರೂ ಎಷ್ಟೋ ವರ್ಷದ ಮೇಲೆ ಒಟ್ಟಿಗೆ ನಕ್ಕರು.

ಆ ನಗುವಿನಲ್ಲೇ ಎಲ್ಲಿಗೋ ಬೆರಳು ತಾಗಿ ಇಡೀ ಪಟ್ಟಿ ಮಾಯವಾಯಿತು. ಬಸ್ಸಕ್ಕನ ಮುಖ ಬಿಳಿಚಿಕೊಂಡಿತು. ನಾದಿನಿ ಕೂತಲ್ಲಿಂದ ಕದಲದೆ ಹೇಳಿದಳು, "ಕಂಟ್ರೋಲ್ ಹಿಡ್ಕೊಂಡು ಜೆಡ್ ಒತ್ತಿ."

ಒತ್ತಿದಳು. ನೆಂಟರೆಲ್ಲ ಮುನಿಸು ಸಮೇತ ಮರಳಿ ಬಂದರು.

"ಇದೇನು?"

"ಮಾಡಿದ್ದನ್ನ ಹಿಂದಕ್ಕೆ ತಗೊಳ್ಳೋದು. ಏನೇ ತಪ್ಪಾದ್ರೂ ಇದನ್ನ ಒತ್ತಿ, ಒಂದು ಹೆಜ್ಜೆ ಹಿಂದಕ್ಕೆ ಹೋಗುತ್ತೆ. ಮತ್ತೆ ಒತ್ತಿ, ಇನ್ನೊಂದು ಹೆಜ್ಜೆ."

"ಅವತ್ತೂ ಇದು ಇತ್ತಾ?"

"ಯಾವಾಗ್ಲೂ ಇರುತ್ತೆ."

ಬಸ್ಸಕ್ಕನ ಕಣ್ಣಲ್ಲಿ ನೀರು ಬಂತು. ದುಃಖದ ನೀರಲ್ಲ ಅದು. "ನೀರಿಗೆ ದೂಡೋರು ದಡ ಎಲ್ಲಿದೆ ಅಂತ ಹೇಳ್ಬೇಕೋ ಬೇಡ್ವೋ? ಪ್ರತಿ ಗುಂಡಿ ಮುಟ್ಟೋವಾಗ್ಲೂ, ಏನು ಹಾಳಾಗುತ್ತೋ ಅಂತ ಜೀವ ಕೈಯಲ್ಲಿ ಹಿಡ್ಕೊಂಡು ಒತ್ತಿದೀನಿ ನಾನು. ಇದೊಂದನ್ನ ಮೊದಲ ದಿನ ಹೇಳಿದ್ರೆ ಅವನ ಗಂಟೇನು ಹೋಗ್ತಿತ್ತು?"

"ಮರೆತಿರ್ತಾರೆ ಅತ್ತಿಗೆ. ಗೊತ್ತಿರೋರಿಗೆ ಗೊತ್ತಿಲ್ಲದ ಕಾಲ ನೆನಪಿರಲ್ಲ."

"ಮರೆತ್ರೆ ಮರೆತೆ ಅನ್ಲಿ. ಕಲಿಸಿದೆ ಅನ್ಬಾರ್ದು."

ವಾರ ಮುಗಿಯುವ ಹೊತ್ತಿಗೆ ಬಸ್ಸಕ್ಕ ಮೊದಲು ಒಂದು ಪ್ರತಿ ತೆಗೆದಿಟ್ಟುಕೊಂಡು ಆಮೇಲೆ ಕೈಹಚ್ಚುವುದನ್ನು ಕಲಿತಳು. ಪೂರ್ತಿ ಸಾಲನ್ನು ಹಿಡಿದು ಅಕ್ಷರಕ್ರಮಕ್ಕೆ ತರುವುದನ್ನು, ಒಂದೊಂದೇ ಬಸ್ಸನ್ನು ಸೋಸಿ ಬೇರೆಬೇರೆ ಹಾಳೆಗೆ ಇಳಿಸುವುದನ್ನು ಕಲಿತಳು. ಮಹಾ ವಿದ್ಯೆಯೇನೂ ಅಲ್ಲ. ಯಾರಾದರೂ ಪಕ್ಕದಲ್ಲಿ ಕೈಕಟ್ಟಿ ಕೂತು ಬಾಯಲ್ಲಿ ಹೇಳಿದ್ದರೆ ಎಂದೋ ಬರುತ್ತಿತ್ತು. ಅದೇ ಅವಳ ಹೊಟ್ಟೆಯೊಳಗಿನ ಉರಿ.

ಸೋಮವಾರ ಶಾಲೆಗೆ ಹೋದವಳು ನೇರ ದೊಡ್ಡ ಮಿಸ್ ಹತ್ತಿರ ಹೋಗಲಿಲ್ಲ. ಮೊದಲು ಅಡುಗೆ ಉಗ್ರಾಣದವಳ ಹತ್ತಿರ ಹೋದಳು. ಆಮೇಲೆ ಗ್ರಂಥಾಲಯದವಳ ಹತ್ತಿರ, ಪ್ರಥಮ ಚಿಕಿತ್ಸೆ ಕೋಣೆಯ ನರ್ಸಮ್ಮನ ಹತ್ತಿರ. ಎಲ್ಲರಿಗೂ ಶೀಟು ಕೊಟ್ಟಿದ್ದರು. ಎಲ್ಲರಿಗೂ ಅಡ್ಮಿನ್ ಸಾರ್ ಹೆಗಲ ಮೇಲಿಂದ ಕೈಚಾಚಿ 'ಕಲಿಸಿದ್ದ'.

"ನಾನು ಶೀಟು ಮುಟ್ಟೋದೇ ಇಲ್ಲ," ಎಂದು ಉಗ್ರಾಣದವಳು ಪಿಸುಗುಟ್ಟಿದಳು. "ಚೀಟಿಲಿ ಬರ್ಕೊಂಡು, ಸಂಜೆ ನನ್ನ ಮಗಳ ಕೈಲಿ ಹೊಡೆಸ್ತೀನಿ."

ನರ್ಸಮ್ಮ ತಲೆ ತಗ್ಗಿಸಿದಳು. "ನನ್ನದ್ರಲ್ಲಿ ಯಾವ ಮಗುವಿಗೆ ಯಾವ ಔಷಧ ಆಗಲ್ಲ ಅಂತ ಬರೆದಿದೆ, ಬಸ್ಸಕ್ಕ. ಡಬ್ಬಿ ಎದ್ರೆ ನಾನೂ ಕಂಟಿನ್ಯೂ ಒತ್ತೋದು."

ಬಸ್ಸಕ್ಕ ಎರಡನ್ನೂ ತೂಗಿ ನೋಡಿದಳು. ತನ್ನಿಂದಾದದ್ದು ಒಂದು ಮಗು ತಪ್ಪು ಬೀದಿಯಲ್ಲಿ ಇಳಿದದ್ದು. ಇಲ್ಲಿ ಆಗಬಹುದಾಗಿದ್ದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ನರ್ಸಮ್ಮನ ಕೈ ಹಿಡಿದುಕೊಂಡು, "ಏಳು, ಹೋಗೋಣ" ಎಂದಳು.

ನಾಲ್ವರೂ ದೊಡ್ಡ ಮಿಸ್ ಕೋಣೆಗೆ ಹೋದರು. ಅಡ್ಮಿನ್ ಸಾರನ್ನೂ ಕರೆಸಬೇಕೆಂದು ಬಸ್ಸಕ್ಕನೇ ಕೇಳಿದಳು. ಬೆನ್ನ ಹಿಂದೆ ಮಾತಾಡುವುದು ತನಗೆ ಬೇಡ ಎಂದಳು. ಅವನು ಬಂದು, ಒಬ್ಬೊಬ್ಬರೇ ಹೇಳಿದ್ದನ್ನು ಕೇಳಿ ಕೆಂಪಾದ.

"ಮೇಡಂ, ನನಗಿರೋದು ಎರಡು ಕೈ. ಫೀಸು, ಕಟ್ಟಡ, ಬಸ್ಸಿನ ರಿಪೇರಿ, ಎಲ್ಲಾ ನನ್ನ ತಲೆ ಮೇಲೆ. ಇವರ ಪಕ್ಕ ಗಂಟೆಗಟ್ಲೆ ಕೂರೋಕೆ ನನಗೆ ಪುರಸೊತ್ತೆಲ್ಲಿ?"

ಇದು ನಿಜವೂ ಆಗಿತ್ತು. ಬಸ್ಸಕ್ಕ ಅದನ್ನು ಒಪ್ಪಿಕೊಂಡಳು. "ಪುರಸೊತ್ತಿಲ್ಲ ಅಂತ ಅವತ್ತೇ ಹೇಳಿದ್ರೆ ಇಲ್ಲಿಗೆ ಬರ್ತಿರ್ಲಿಲ್ಲ ಸಾರ್. ತಲೆಗೆ ಹೋಗಲ್ಲ ಅಂದ್ರಿ ನೀವು. ನನ್ನ ತಲೆ ಮೇಲೆ ಹಾಕಿದ್ರಿ."

ಅವನು ಕಿಟಕಿಯಾಚೆ ನೋಡಿದ. ದೊಡ್ಡ ಮಿಸ್ ಮಾತ್ರ ನರ್ಸಮ್ಮನ ಮುಖವನ್ನೇ ನೋಡುತ್ತಿದ್ದರು. ಔಷಧದ ಮಾತು ಕೇಳಿದ ಮೇಲೆ ಅವರ ದನಿಯೇ ಬೇರೆಯಾಗಿತ್ತು. ಡ್ರಾಯರಿನಿಂದ ಆ ಹಾಳೆ ತೆಗೆದು, ಕೊನೆಯ ಸಾಲಿನ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ತಮ್ಮದೇ ಪುಟ್ಟ ಸಹಿ ಹಾಕಿ ಬಸ್ಸಕ್ಕನ ಮುಂದಿಟ್ಟರು. ಬಸ್ಸಕ್ಕ ಮತ್ತೊಮ್ಮೆ ಮೇಲಿಂದ ಕೆಳಗೆ ಓದಿ, ಕೆಳಗೆ ಸಹಿ ಹಾಕಿದಳು. ಕ್ಷಮೆ ಎಂಬ ಮಾತನ್ನು ಯಾರೂ ಅವಳಿಗೆ ಹೇಳಲಿಲ್ಲ.

"ಪ್ರತಿ ಶನಿವಾರ ಒಂದು ಗಂಟೆ," ಎಂದರು ದೊಡ್ಡ ಮಿಸ್. "ಕಂಪ್ಯೂಟರ್ ಕೋಣೆ ತೆಗೆಸಿಕೊಡ್ತೀನಿ. ಕಲಿಸೋರು ಯಾರು?"

"ಒಬ್ಬರಿದಾರೆ. ಆದ್ರೆ ಪುಕ್ಕಟೆ ಬರಲ್ಲ," ಎಂದಳು ಬಸ್ಸಕ್ಕ. ಆ ಷರತ್ತನ್ನು ನಾದಿನಿ ಹಿಂದಿನ ರಾತ್ರಿಯೇ ಊಟಕ್ಕೆ ಕೂತಾಗ ಖಡಾಖಂಡಿತವಾಗಿ ಹೇಳಿದ್ದಳು.

ಶನಿವಾರದ ಪಾಠ ಶುರುವಾಯಿತು. ಮೊದಲ ದಿನದ ಮೊದಲ ಪಾಠ ಕಂಟ್ರೋಲ್ ಜೆಡ್. ನಾದಿನಿಯ ಪ್ಲಾಸ್ಟರ್ ತೆಗೆದ ವಾರವೇ ಅವಳ ಬಲಗೈ ಉಗ್ರಾಣದವಳ ಮೌಸಿನ ಮೇಲೆ ಹಾರಿತು. ಬಸ್ಸಕ್ಕ ಅದರ ಮೇಲೊಂದು ಪೆಟ್ಟು ಕೊಟ್ಟಳು, ಹೊಸದಾಗಿ ಕೂಡಿದ ಮೂಳೆ ಎಂಬುದನ್ನೂ ಲೆಕ್ಕಿಸದೆ. ಅವತ್ತಿನಿಂದ ಅತ್ತಿಗೆ ನಾದಿನಿಯರ ನಡುವೆ ಮತ್ತೆ ಎರಡು ದಿನ ಮಾತು ನಿಂತಿತ್ತು. ಉಗ್ರಾಣದವಳಿಗೆ ಇವತ್ತಿಗೂ ಅಡ್ಡಸಾಲು ಯಾವುದು, ಉದ್ದಸಾಲು ಯಾವುದು ಎಂದು ಗಲಿಬಿಲಿ. ಆದರೆ ಡಬ್ಬಿ ಎದ್ದರೆ ಈಗ ಕೋಣೆಯಲ್ಲಿ ಎಲ್ಲರೂ ಕೈ ಎತ್ತಿಬಿಡುತ್ತಾರೆ, ಓದಿಸಿಕೊಂಡು, ಅರ್ಥ ಮಾಡಿಕೊಂಡು ಆಮೇಲೆ ಒತ್ತುತ್ತಾರೆ.

ಟೈರ್ ಅಂಗಡಿಯ ಮುಂದೆ ಇಳಿದ ಆ ಮಗು ಮತ್ತೆ ಬಸ್ಸು ಹತ್ತಲಿಲ್ಲ. ತಾಯಿಯೇ ಸ್ಕೂಟರಿನಲ್ಲಿ ಕರೆತಂದು ಬಿಡುತ್ತಾಳೆ, ಸಂಜೆ ಗೇಟಿನ ಹೊರಗೆ ಕಾಯುತ್ತಾಳೆ. ಬಸ್ಸಕ್ಕ ಎದುರಾದರೆ ತಲೆ ಆಡಿಸುತ್ತಾಳೆ, ಮಾತಾಡುವುದಿಲ್ಲ. ಬಸ್ಸಕ್ಕನೂ ಮಾತಿಗೆ ಹೋಗುವುದಿಲ್ಲ. ಆ ತಾಯಿಯ ಮೇಲೆ ಅವಳಿಗೆ ಎಳ್ಳಷ್ಟೂ ಸಿಟ್ಟಿಲ್ಲ. ಸಿಟ್ಟೆಲ್ಲ ಬೇರೆ ಕಡೆಗೆ, ಇನ್ನೂ ಹಾಗೇ ಇದೆ. ಅಡ್ಮಿನ್ ಸಾರ್ ಎದುರು ಸಿಕ್ಕರೆ ಅವಳು ನಮಸ್ಕಾರ ಹೇಳುತ್ತಾಳೆ, ಅವನು ಫೋನಿನಲ್ಲಿರುತ್ತಾನೆ.

ಹೋದ ವಾರ ಗೇಟಿನ ಕಾವಲುಗಾರನ ಕೈಗೆ ಒಂದು ಹೊಸ ಯಂತ್ರ ಕೊಟ್ಟಿದ್ದಾರೆ, ಬಂದು ಹೋಗುವವರ ವಿವರ ಅದರಲ್ಲೇ ತುಂಬಿಸಬೇಕಂತೆ. ಯಾವಾಗ ಕಲಿಸಿದರು ಎಂದು ಬಸ್ಸಕ್ಕ ಕೇಳಿದ್ದಕ್ಕೆ ಅವನು ಟೋಪಿ ಸರಿಸಿ ತಲೆ ಕೆರೆದುಕೊಂಡ.

"ಬಾಕ್ಸ್ ಒಳಗೆ ಪುಸ್ತಕ ಇದೆ, ಓದ್ಕೋ ಅಂದ್ರು ಬಸ್ಸಕ್ಕ. ಪುಸ್ತಕ ಯಾವ ಭಾಷೇಲಿದೆ ಅಂತಾನೇ ಗೊತ್ತಾಗ್ತಿಲ್ಲ."

ಬಸ್ಸಕ್ಕ ಆ ಪುಸ್ತಕವನ್ನು ಇಸಿದುಕೊಂಡು, ಮಂಡಿಯ ಮೇಲೆ ಕೈ ಊರಿ ಎದ್ದು, ದೊಡ್ಡ ಮಿಸ್ ಕೋಣೆಯ ಕಡೆ ನಡೆದಳು.